ಮೇಟಿ ಸುತ್ತಿದ ಬ್ಯಾಸ್ಕೆಟ್ ಬಾಲು

ಗೆದ್ದುಬಿಟ್ಟರು! ನಮ್ಮ ಹುಡುಗರು ಗೆದ್ದೇಬಿಟ್ಟರು!

ನಿನ್ನೆ ಪಾಂಡವಪುರದಲ್ಲಿ, ಪಾಂಡವಪುರದವರ ಕಣ್ಣೆದುರಿಗೇ, ಅವರದೇ ಸಿಮೆಂಟಿನ ಅಂಕಣದಲ್ಲಿ, ನಮ್ಮ ಕಾಲೇಜಿನ ಗಂಡುಹುಡುಗರ ಬ್ಯಾಸ್ಕೆಟ್ ಬಾಲ್ ತಂಡ ನಾಲ್ಕು ತಾಲ್ಲೂಕಿನ ಕಪ್ಪು ಗೆದ್ದಿತು. ಕೊನೆಯ ಚೆಂಡು ಹಾಕಿದವನು ನನ್ನ ಮೊಮ್ಮಗ ಯೋಗೇಶ. ಕಿರಂಗೂರಿನಲ್ಲಿ ಈ ಸುದ್ದಿ ಕೇಳದವರು ಯಾರಾದರೂ ಉಳಿದಿದ್ದರೆ ಅವರು ನಿನ್ನೆ ಊರಿನಲ್ಲಿ ಇರಲಿಲ್ಲ ಎಂದೇ ಅರ್ಥ. ಬಸ್ಸಿಳಿದ ನಾನು ನೆಟ್ಟಗೆ ಮನೆಗೆ ಬರಲಿಲ್ಲ. ಪ್ರತಿ ಬಾಗಿಲಲ್ಲೂ ನಿಂತು ಹೇಳಿದೆ. ಬಾಗಿಲು ಹಾಕಿದ್ದ ಮನೆಗಳಲ್ಲಿ ಕಿಟಕಿಯಿಂದ ಹೇಳಿದೆ. ಮನೆಗೆ ಬಂದು, ಹೇಳಲು ಇನ್ನು ಯಾರೂ ಉಳಿದಿಲ್ಲವೆಂದು ಗೊತ್ತಾಗಿ, ಕೊಟ್ಟಿಗೆಗೆ ಹೋಗಿ ಎಮ್ಮೆಗೂ ಹೇಳಿದೆ. ಅದು ಮೆಲುಕು ಹಾಕುವುದನ್ನು ಒಂದು ಗಳಿಗೆ ನಿಲ್ಲಿಸಿತು. ನನಗೆ ಅಷ್ಟು ಸಾಕಾಯಿತು.

ಬರುವಾಗ ಬಸ್ಸಿನಲ್ಲಿ ಕಾಲೇಜಿನ ಆಟದ ಮೇಷ್ಟ್ರು ಶ್ರೀನಿವಾಸಯ್ಯನವರು ನನ್ನ ಪಕ್ಕದಲ್ಲಿ ಕೂತಿದ್ದರು. "ಗೌಡರೇ, ಈ ತಂಡದ ಚರಿತ್ರೆ ನೀವೇ ಬರೆದುಕೊಡಿ. ಕಾಲೇಜಿನ ಸಂಚಿಕೆಯಲ್ಲಿ ಹಾಕೋಣ. ಹುಟ್ಟಿದ್ದು ನಿಮ್ಮ ಕಣದಲ್ಲೇ ತಾನೇ?" ಅಂದರು. ನಾನು ಮೂರನೇ ಕ್ಲಾಸಿನ ಅರ್ಧಕ್ಕೇ ಸ್ಲೇಟು ಇಟ್ಟು ನೊಗ ಹಿಡಿದವನು. ಆದರೂ ಗೆದ್ದ ದಿನ ಯಾರು ಏನು ಕೇಳಿದರೂ ಆಗಲಿ ಅನ್ನುವ ಸ್ಥಿತಿಯಲ್ಲಿದ್ದೆ. ಆಗಲಿ ಅಂದುಬಿಟ್ಟೆ.

ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಪುಟ್ಟತಾಯಿ ಕೇಳಿದ್ದು ಒಂದೇ ಪ್ರಶ್ನೆ. "ನಡ್ದದ್ನ ಬರೀಬೇಕಂತಾ, ಇಲ್ಲ ನೀವು ಅರಳೀಕಟ್ಟೇಲಿ ಕತೆ ಏಳ್ತೀರಲ್ಲ, ಅದ್ನಾ?"

ನಡೆದದ್ದನ್ನೇ ಬರೆಯುತ್ತೇನೆ. ಬರೆದರೆ ನನ್ನ ಮಾನ ಹೋಗುತ್ತದೆ. ಹೋಗಲಿ. ಗೆದ್ದ ಕಪ್ಪು ಒಂದು ದಿನದ ಮಟ್ಟಿಗೆ ನಮ್ಮ ಜಗುಲಿಯ ಮೇಲೆ ಕೂತಿರುವಾಗ ಮಾನ ಸ್ವಲ್ಪ ಅತ್ತಿತ್ತ ಆದರೂ ಯಾರಿಗೂ ಕಾಣುವುದಿಲ್ಲ.

ಯೋಗೇಶ ಶ್ರೀರಂಗಪಟ್ಟಣದ ಕಾಲೇಜಿಗೆ ಸೇರಿದಾಗಲೇ ಉದ್ದದ ಹುಡುಗ. ನಮ್ಮ ಮನೆಯ ಬಾಗಿಲುಗಳನ್ನೆಲ್ಲ ನನ್ನ ಅಪ್ಪ ತನ್ನ ಎತ್ತರಕ್ಕೆ ಇಡಿಸಿದ್ದ. ಮೊಮ್ಮಗನ ಹಣೆ ದಿನವೂ ಒಂದಲ್ಲ ಒಂದು ಬಾಗಿಲಿಗೆ ಬಡಿಯುತ್ತಿತ್ತು. ಆ ಹಣೆಯ ಬುಗುಟು ನೋಡಿಯೇ ಶ್ರೀನಿವಾಸಯ್ಯ ಮೇಷ್ಟ್ರು ಅವನನ್ನು ಬ್ಯಾಸ್ಕೆಟ್ ಬಾಲಿಗೆ ಆರಿಸಿದ್ದು. ಮೇಷ್ಟ್ರು ಪಟ್ಟಣದ ದೇವಸ್ಥಾನದ ಪೂಜೆಯವರ ಮನೆತನ, ಬಹಳ ಮೃದು. ಅವರಿಗೆ ಬರುವ ಅತಿ ದೊಡ್ಡ ಬೈಗುಳ 'ಛೆ.' ಅದನ್ನೂ ಮೆಲ್ಲಗೆ ಅನ್ನುತ್ತಾರೆ. ಈ ಚರಿತ್ರೆಯಲ್ಲಿ ನಡೆದ ಅನಾಹುತಗಳಿಗೆ ಅರ್ಧ ಕಾರಣ ನಾನು. ಉಳಿದ ಅರ್ಧ, ಅವರಿಗೆ ಬೈಯಲು ಬಾರದೆ ಇದ್ದದ್ದು.

ಕಾಲೇಜಿನಲ್ಲಿ ಚೆಂಡಿತ್ತು, ಮೇಷ್ಟ್ರಿದ್ದರು, ಹುಡುಗರಿದ್ದರು. ಆಡುವ ಜಾಗ ಇರಲಿಲ್ಲ. ಕಾಲೇಜಿನ ಹಿಂದಿನ ಬಯಲಿನಲ್ಲಿ ಕಲ್ಲು, ಕತ್ತಾಳೆ, ಮಿಕ್ಕ ಕಡೆ ಕತ್ತೆಗಳು. ದಸರಾ ರಜೆ ಮುಗಿಯುವುದರೊಳಗೆ ಜಾಗ ಸಿಗದಿದ್ದರೆ ಚೆಂಡು ಬೀರುವಿನಲ್ಲಿ, ಹುಡುಗರು ಕ್ಲಾಸಿನಲ್ಲಿ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟರು. ಆ ರಾತ್ರಿ ಯೋಗೇಶ ಊಟಕ್ಕೆ ಕೂತವನು ಮುದ್ದೆ ಮುರಿಯಲಿಲ್ಲ.

"ಯಾಕ್ಲಾ, ಮುದ್ದೆ ಮುಂದೆ ಕೂತ್ಕಂಡು ತಪಸ್ಸು ಮಾಡ್ತಿದ್ದೀಯಾ?" ಅಂದೆ.

"ಆಟ ನಿಂತೋಯ್ತದೆ ತಾತ. ಅಂಕಣ ಇಲ್ಲ."

"ಅಂಕಣ ಅಂದ್ರೆ ಎಂಗಿರ್ಬೇಕ್ಲಾ?"

"ನೆಲ ಗಟ್ಟಿಯಾಗಿರ್ಬೇಕು. ಮಟ್ಟಸವಾಗಿರ್ಬೇಕು. ದೂಳು ಏಳ್ಬಾರ್ದು, ಬಿರುಕು ಬುಡ್ಬಾರ್ದು. ಚೆಂಡು ಕುಕ್ಕುದ್ರೆ ಮ್ಯಾಲಕ್ಕೆ ಬರ್ಬೇಕು."

ನಾನು ನಕ್ಕುಬಿಟ್ಟೆ. ಹುಡುಗ ಹೇಳುತ್ತಿರುವುದು ನನ್ನ ಕಣದ ವರ್ಣನೆ! ಮೀಸೆ ಬಂದಾಗಿನಿಂದ ನಾನು ವರ್ಷವರ್ಷವೂ ಮಾಡಿಕೊಂಡು ಬಂದ ಕೆಲಸ. ಮಣ್ಣು ಕೆತ್ತಿ, ನೀರು ಹೊಡೆದು, ಕಲ್ಲಿನ ಗುಂಡು ಎಳೆಸಿ, ಸಗಣಿ ಬಗ್ಗಡ ಸಾರಿಸಿದರೆ ನನ್ನ ಕಣದ ಮೇಲೆ ಸಾಸಿವೆ ಚೆಲ್ಲಿ ಒಂದೂ ಕಳೆಯದೆ ಆರಿಸಬಹುದು. ಆದರೆ ಈಚೆಗೆ ಕಣಕ್ಕೆ ಕೆಲಸ ಕಡಿಮೆಯಾಗಿತ್ತು. ಊರಿನವರೆಲ್ಲ ತೆನೆ ತಂದು ಟಾರು ರಸ್ತೆಗೆ ಹರಡಿ, ಹೋಗುವ ಬರುವ ಬಸ್ಸು ಲಾರಿಗಳಿಂದ ತುಳಿಸಿಕೊಳ್ಳುತ್ತಿದ್ದರು. ಸರ್ಕಾರದ ಬಸ್ಸು ಬಿಟ್ಟಿ ಎತ್ತಾಗಿತ್ತು. ನನ್ನ ಕಣ ಸುಮ್ಮನೆ ಮಲಗಿತ್ತು, ಅದರ ಪಕ್ಕದಲ್ಲಿ ನಾನೂ ಮಲಗಿದ್ದೆ.

ಹಾಗಾಗಿ ಎದ್ದು ನಿಂತು, ಎಡಗೈ ಸೊಂಟದ ಮೇಲಿಟ್ಟು, ಸಮಸ್ತ ಕುಟುಂಬದ ಸಮ್ಮುಖದಲ್ಲಿ ಘೋಷಿಸಿದೆ. "ಉಣ್ಲಾ ನೀನು! ನಿಮ್ ಕಾಲೇಜ್ಗೆ ಅಂಕಣ ಮಾಡ್ಕೊಡೋನು ನಾನು!"

"ಆ ಆಟ ಒಂದ್ಸಲನಾದ್ರೂ ನೋಡಿದ್ದೀರಾ?" ಅಂದಳು ಪುಟ್ಟತಾಯಿ.

"ಆಟ ಯಾಕ್ ನೋಡ್ಬೇಕು? ನೆಲ ನೋಡಿದ್ದೀನಿ."

ಈ ಮಾತನ್ನು ಅವಳು ಇವತ್ತಿನವರೆಗೂ ನೆನಪಿಟ್ಟುಕೊಂಡಿದ್ದಾಳೆ.

ಮೇಷ್ಟ್ರು ಆಗ ಮಗಳ ಬಾಣಂತನಕ್ಕೆಂದು ಅವಳ ಊರಿಗೆ ಹೋಗಿದ್ದರು. ಅವರು ಬರುವುದರೊಳಗೆ ಕೆಲಸ ಮುಗಿಸಿ ಬೆರಗುಗೊಳಿಸಬೇಕೆಂದು ನಾನು ಹಗಲೆಲ್ಲ ದುಡಿದೆ. ಬೆರಗುಗೊಳಿಸಿದೆ ಕೂಡ. ಬಂದವರು ಕಣದ ಅಂಚಿನಲ್ಲೇ ಒಂದು ಸುತ್ತು ಬಂದರು.

"ಗೌಡರೇ, ನೆಲ ಬಹಳ ಚೆನ್ನಾಗಿದೆ" ಅಂದರು.

"ಅಲ್ವಾ ಮತ್ತೆ!"

"ಆದರೆ ದುಂಡಗಿದೆ."

"ಕಣ ದುಂಡಗೇ ಅಲ್ವಾ ಮೇಷ್ಟ್ರೇ ಇರೋದು? ಚೆಂಡೂ ದುಂಡಗೇ ಐತಲ್ಲ!"

ಮೇಷ್ಟ್ರು, ದುಂಡು ಕಣದ ಒಳಗೇ ಸುಣ್ಣದಲ್ಲಿ ಉದ್ದ ಚೌಕ ಎಳೆದುಕೊಂಡರಾಯಿತು ಎಂದು ತಾವೇ ಸಮಾಧಾನ ಮಾಡಿಕೊಂಡರು. ಆಮೇಲೆ ಅವರ ಕಣ್ಣು ಮೆಲ್ಲಗೆ ನಡುವಿಗೆ ಬಂತು. ಅಲ್ಲಿ ಎದೆಯೆತ್ತರದ ಕಂಬ. ಅರಿಶಿನ, ಕುಂಕುಮ, ಹೂವು.

"ಇದು ಏನು ಗೌಡರೇ?"

"ಮೇಟಿ."

ಕಣ ಅಂದಮೇಲೆ ನಡುವೆ ಮೇಟಿ ನೆಡಲೇಬೇಕು. ಎತ್ತುಗಳನ್ನು ಅದಕ್ಕೆ ಕಟ್ಟಿಯೇ ತೆನೆಯ ಮೇಲೆ ಸುತ್ತಿಸುವುದು. ಪೂಜೆ ಮಾಡಿ ನೆಟ್ಟ ಮೇಲೆ ಸುಗ್ಗಿ ಮುಗಿಯುವ ತನಕ ಅದನ್ನು ಕೀಳುವ ಹಾಗಿಲ್ಲ. ಕಿತ್ತರೆ ಮನೆಗೆ ಒಳ್ಳೆಯದಲ್ಲ. ನಮ್ಮ ಅಪ್ಪ ಕೀಳಲಿಲ್ಲ, ಅವರಪ್ಪ ಕೀಳಲಿಲ್ಲ. ಒಂದು ಚೆಂಡಿಗಾಗಿ ನಾನು ಕೀಳುತ್ತೇನೆಯೇ? ಮೇಷ್ಟ್ರು ಪೂಜೆಯ ಮನೆಯವರು. ಹೂವು ಮುಡಿದ ಕಂಬವನ್ನು ತೆಗೆಯಿರಿ ಎಂದು ಹೇಳಲು ಅವರ ನಾಲಿಗೆ ಏಳಲಿಲ್ಲ.

"ಛೆ" ಅಂದರು, ಮೆಲ್ಲಗೆ. ನಾನು ಅದನ್ನು ಹೊಗಳಿಕೆ ಅಂದುಕೊಂಡೆ.

ಇನ್ನು ಚೆಂಡು ಹಾಕುವ ಕಬ್ಬಿಣದ ಬಳೆ. ಕಣದ ಎರಡು ತುದಿಗೆ ಎರಡು ತೆಂಗಿನ ಕಾಂಡ ನೆಟ್ಟು, ಹಳೇ ಗಾಡಿಯ ಹಲಗೆ ಬಡಿದು, ಬಳೆಯ ಅಳತೆಗೆ ಒಂದು ದಾರ ತೆಗೆದುಕೊಂಡು ಚೆಂಡಿನ ಸುತ್ತ ಸುತ್ತಿದೆ. ಆ ದಾರವನ್ನು ಕುಲುಮೆಯ ಸಿದ್ದಾಚಾರಿಗೆ ಕೊಟ್ಟೆ.

"ಚೆಂಡು ಇದ್ರೊಳ್ಗೆ ತೂರ್ಬೇಕಾ ಗೌಡ್ರೇ?"

"ತೂರ್ಬೇಕು."

"ಒಸಿ ಸಡ್ಲ ಬುಡ್ಲಾ?"

"ಯಾಕ್ ಸಡ್ಲ? ಚೆಂಡು ಓಗೋದು, ಚೆಂಡಿನ್ ಜತೆ ಇನ್ಯಾರ್ ಓಗ್ತಾರೆ? ಕಬ್ಣ ಏನ್ ಬಿಟ್ಟಿ ಬರ್ತದಾ?"

ಸಿದ್ದಾಚಾರಿ ಗಾಡಿಚಕ್ರದ ನಡುವಿನ ಗುಂಬಕ್ಕೆ ತೊಡಿಸುವ ಎರಡು ಹಳೇ ಬಳೆಗಳನ್ನು ಬಡಿದು ಸರಿಮಾಡಿ ಕೊಟ್ಟ. ಚೆಂಡನ್ನು ಕೈಯಲ್ಲಿ ಹಿಡಿದು, ಏಣಿ ಹತ್ತಿ, ಎರಡೂ ಕೈಯಲ್ಲಿ ಒತ್ತಿದರೆ ಸೊಗಸಾಗಿ ತೂರುತ್ತಿತ್ತು. ದೂರದಿಂದ ಎಸೆದರೆ ಯಾರು ಎಸೆದರೂ ಟಣ್ ಎಂದು ವಾಪಸು ಬರುತ್ತಿತ್ತು. ಕಾಲೇಜಿನಿಂದ ಸರಿಯಾದ ಬಳೆ ತರಿಸುತ್ತೇನೆ, ಅಲ್ಲಿಯವರೆಗೆ ಇದೇ ಇರಲಿ ಎಂದರು ಮೇಷ್ಟ್ರು. ಕಾಲೇಜಿನಿಂದ ಬರುವುದೆಂದರೆ ನಿಮಗೆ ಗೊತ್ತೇ ಇದೆ.

ಹೀಗೆ ನಮ್ಮ ತಂಡದ ಮೊದಲನೆಯ ವರ್ಷ ಶುರುವಾಯಿತು. ದಿನಾ ಸಾಯಂಕಾಲ ಸೈಕಲ್ಲುಗಳಲ್ಲಿ ಹುಡುಗರು ಬರುವರು. ಕಣಕ್ಕೆ ಚಪ್ಪಲಿ ಕಾಲಲ್ಲಿ ಇಳಿಯುವಂತಿಲ್ಲ, ಆದ್ದರಿಂದ ಬರಿಗಾಲು. ನೆಟ್ಟಗೆ ಓಡಿದರೆ ಮೇಟಿಗೆ ಡಿಕ್ಕಿ, ಆದ್ದರಿಂದ ಸುತ್ತು. ಅದೂ ಎರಡು ಕಡೆಯಿಂದ ಸುತ್ತಿದರೆ ಒಬ್ಬರಿಗೊಬ್ಬರು ಡಿಕ್ಕಿ, ಆದ್ದರಿಂದ ಎಲ್ಲರೂ ಒಂದೇ ಕಡೆಗೆ. ನಾನು ಕಲ್ಲಿನ ಗುಂಡಿನ ಮೇಲೆ ಕೂತು ನೋಡಿ ಕಣ್ತುಂಬ ಆನಂದಪಟ್ಟೆ. ಎಷ್ಟೋ ವರ್ಷದ ಮೇಲೆ ನನ್ನ ಕಣದಲ್ಲಿ ಮತ್ತೆ ಸುತ್ತು ನಡೆಯುತ್ತಿತ್ತು! ಪಟ್ಟಣದ ಸಲೀಮ ಎಂಬ ಹುಡುಗ, ಯೋಗೇಶನ ಜೀವದ ಗೆಳೆಯ, ಸ್ವಲ್ಪ ದಪ್ಪ. ಅವನು ಸುತ್ತು ತಪ್ಪಿದರೆ ನನ್ನ ಬಾಯಿಂದ ತಾನಾಗೇ 'ಹೋಯ್, ಬಲಕ್ಕೆ!' ಅಂತ ಬಂದುಬಿಡುತ್ತಿತ್ತು.

"ಏ ತಾತ, ನಾನ್ ಎತ್ತಲ್ಲ!" ಅನ್ನುವನು.

ಮೊದಲ ಪಂದ್ಯ ಕೆ.ಆರ್. ಪೇಟೆಯಲ್ಲಿ. ನಾನೂ ಹೋದೆ. ಪಂಚೆ, ಜುಬ್ಬ, ಹೆಗಲ ಮೇಲೆ ಜರಿಯಂಚಿನ ಟವಲ್ಲು. ಅಲ್ಲಿ ಸಿಮೆಂಟಿನ ಅಂಕಣ, ಬಿಸಿಲಿಗೆ ಕಾದ ಹೆಂಚು. ನಮ್ಮ ಹುಡುಗರು ಅಭ್ಯಾಸದಂತೆ ಶೂ ಕಳಚಿ ಸಾಲಾಗಿ ಇಟ್ಟು, ನೆಲಕ್ಕೆ ಕೈಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಇಳಿದರು. ಇಳಿದವರೇ ಕುಣಿಯತೊಡಗಿದರು. ನೋಡುವವರು ಇದೇನೋ ಹೊಸ ಕಸರತ್ತು ಎಂದು ಚಪ್ಪಾಳೆ ತಟ್ಟಿದರು.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ಆ ಅಂಕಣದ ನಟ್ಟನಡುವೆ ಬಿಳಿ ಬಣ್ಣದಲ್ಲಿ ಒಂದು ದುಂಡನೆಯ ಗೆರೆ ಎಳೆದಿದ್ದರು. ಬ್ಯಾಸ್ಕೆಟ್ ಬಾಲಿನ ಅಂಕಣಗಳಲ್ಲೆಲ್ಲ ಅದು ಇರುತ್ತದಂತೆ. ನನಗೇನು ಗೊತ್ತು? ನಮ್ಮ ಹುಡುಗರ ಕಣ್ಣಿಗೆ ಅದು ಮೇಟಿಯ ಜಾಗವಾಗಿಯೇ ಕಂಡಿತು. ಚೆಂಡು ಸಿಕ್ಕಿದ ಕೂಡಲೇ ಒಬ್ಬೊಬ್ಬರೂ ಆ ಗೆರೆಯ ಸುತ್ತ ಭಕ್ತಿಯಿಂದ ಸುತ್ತು ಹಾಕಿ ಆಮೇಲೆ ಮುಂದಕ್ಕೆ ಹೋಗುತ್ತಿದ್ದರು. ಕೆ.ಆರ್. ಪೇಟೆಯವರು ಆ ಗೆರೆಯ ಮೇಲೇ ನೆಟ್ಟಗೆ ಓಡಿ ಹೋಗಿ ಚೆಂಡು ಹಾಕಿ ವಾಪಸು ಬರುತ್ತಿದ್ದರು. ನಮ್ಮವರು ಇನ್ನೂ ಸುತ್ತುತ್ತಿದ್ದರು!

ಪೀಪಿ ಊದುವವರು ಆಟ ನಿಲ್ಲಿಸಿ ನಡುವಿಗೆ ಬಂದು ನೆಲ ನೋಡಿದರು. "ಏನ್ರಪ್ಪಾ, ಇಲ್ಲಿ ಏನಾದರೂ ಬಿದ್ದಿದೆಯಾ?"

ನನಗೆ ತಡೆಯಲಾಗಲಿಲ್ಲ. ಟವಲ್ಲು ಬೀಸುತ್ತಾ ಅಂಚಿಗೆ ನುಗ್ಗಿ ಕೂಗಿದೆ. "ಅಲ್ಲಿ ಮೇಟಿ ಇಲ್ಲ ಕಣ್ರಲಾ! ನೆಟ್ಟಗ್ ಓಗ್ರಲಾ!"

ಆ ಊರಿನ ಒಬ್ಬ ಮುದುಕರಿಗೆ ಮಾತ್ರ ವಿಷಯ ತಿಳಿಯಿತು. "ಅಯ್ಯೋ ಸಿವನೇ, ಈ ಐಕ್ಳು ಕಣದಲ್ಲಿ ಕಲ್ತವ್ರೆ!" ಎಂದು ಅವರು ನಗಲು ಹತ್ತಿ, ಪಕ್ಕದವರಿಗೆ ಹೇಳಿ, ಆ ಪಕ್ಕದವರು ಅವರ ಪಕ್ಕದವರಿಗೆ ಹೇಳಿ, ಸ್ವಲ್ಪ ಹೊತ್ತಿಗೆ ಇಡೀ ಊರು 'ಹೋಯ್! ಬಲಕ್ಕೆ!' ಎಂದು ನಮ್ಮ ತಂಡಕ್ಕೆ ಪ್ರೋತ್ಸಾಹ ಕೊಡತೊಡಗಿತು. ಎಷ್ಟರಿಂದ ಸೋತೆವು ಎಂಬುದನ್ನು ಚರಿತ್ರೆಗೆ ಸೇರಿಸುವ ಅಗತ್ಯ ಇಲ್ಲ. ಬಸ್ಸಿನಲ್ಲಿ ಹುಡುಗರು ಬೊಬ್ಬೆ ಎದ್ದ ಪಾದಗಳನ್ನು ಕಿಟಕಿಯಿಂದ ಹೊರಗೆ ಚಾಚಿ ಗಾಳಿಗೆ ಒಡ್ಡಿಕೊಂಡು ಬಂದರು.

ಸುಗ್ಗಿ ಮುಗಿದ ಕೂಡಲೇ ಮೇಟಿ ಕಿತ್ತೆ. ಗುಂಡಿ ಮುಚ್ಚಿದೆ. ಇನ್ನು ಯಾವ ತೊಂದರೆಯೂ ಇಲ್ಲ ಎಂದು ಸಾರಿದೆ. ಎರಡನೆಯ ವರ್ಷ ನಾಗಮಂಗಲದ ತಂಡವೇ ನಮ್ಮಲ್ಲಿಗೆ ಆಡಲು ಬರುತ್ತದೆ ಎಂದಾಯಿತು. ನಮ್ಮ ಕಣಕ್ಕೆ! ಬೇರೆ ತಾಲ್ಲೂಕಿನವರು! ಮನೆಗೆ ನೆಂಟರು ಬರುವಾಗ ಬಾಗಿಲು ಸಾರಿಸದೆ ಇರುವುದುಂಟೇ?

ಬೆಳಗಿನ ಜಾವವೇ ಪುಟ್ಟತಾಯಿಯನ್ನು ಎಬ್ಬಿಸಿದೆ. "ಏಳಮ್ಮೀ, ಇಡೀ ಕಣ ಸಾರ್ಸ್ಬೇಕು. ಬಗ್ಗಡ ಗಟ್ಟಿಯಾಗೇ ಇರ್ಲಿ."

"ಮೋಡ ಹಾಕೈತೆ. ಒಣಗಾಕಿಲ್ಲ."

"ಒಣಗ್ತದೆ. ನಾನು ಕಂಡಿಲ್ವಾ ಮೋಡಾನ?"

ಅವಳೂ ಸೊಸೆ ಜಯಮ್ಮನೂ ಸೊಂಟ ಬಗ್ಗಿಸಿ ಸಾರಿಸಿದರು. ಜಯಮ್ಮ ಅಷ್ಟಕ್ಕೇ ಬಿಡದೆ ನಡುವೆ ದೊಡ್ಡ ರಂಗೋಲಿಯನ್ನೂ ಬಿಟ್ಟಳು. ಮೇಷ್ಟ್ರ ಸುಣ್ಣದ ಗೆರೆಗೂ ರಂಗೋಲಿಯ ಎಳೆಗೂ ವ್ಯತ್ಯಾಸ ಯಾರಿಗೂ ಕಾಣಲಿಲ್ಲ. ಮೋಡ ನಮ್ಮ ಕಡೆಯೇ ನೋಡುತ್ತಾ ನಿಂತಿತ್ತು. ಮಳೆಯನ್ನೂ ಹನಿಸಲಿಲ್ಲ, ಬಿಸಿಲನ್ನೂ ಬಿಡಲಿಲ್ಲ.

ನಾಗಮಂಗಲದವರು ಹಾಲಿನಂಥ ಬಿಳೀ ಬನಿಯನ್ನು, ಬಿಳೀ ಚಡ್ಡಿ ತೊಟ್ಟು ಬಂದರು. ಪೀಪಿ ಊದಿದ ಕೂಡಲೇ ಅವರ ನಾಯಕ ಓಡಿ ಬಂದ. ನಿಲ್ಲಬೇಕೆಂದುಕೊಂಡಲ್ಲಿ ನಿಲ್ಲಲಿಲ್ಲ. ಕಣದ ಈ ತುದಿಯಲ್ಲಿ ಜಾರಿದವನು ಆ ತುದಿಯಲ್ಲಿ ಎದ್ದ, ಮುಂಭಾಗ ಬಿಳಿ, ಹಿಂಭಾಗ ಹಸಿರು! ಅವನನ್ನು ಎತ್ತಲು ಹೋದವರಿಬ್ಬರು ಹಸಿರು. ಪೀಪಿಯವರು ಬಿದ್ದರು, ಬೀಳುತ್ತಲೇ ಊದಿದರು, ಆ ಸದ್ದು ಬಹಳ ವಿಚಿತ್ರವಾಗಿತ್ತು. ನಮ್ಮ ಸಲೀಮ ಚೆಂಡು ಹಿಡಿದು ಕೂತಲ್ಲೇ ಜಾರಿಕೊಂಡು ರಂಗೋಲಿ ದಾಟಿ ನಾಗಮಂಗಲದ ಮೇಷ್ಟ್ರ ಕಾಲ ಬುಡಕ್ಕೆ ಬಂದು ನಿಂತ.

"ಮಾಫ್ ಮಾಡಿ ಸಾರ್, ಬ್ರೇಕ್ ಇಲ್ಲ" ಅಂದ.

ಆಮೇಲೆ ಆ ಮೇಷ್ಟ್ರೂ ಬಿದ್ದರು.

ಪಂದ್ಯ ರದ್ದಾಯಿತು. ಎಲ್ಲರೂ ನಮ್ಮ ಪಂಪಿನ ಮನೆಯಲ್ಲಿ ಸ್ನಾನ ಮಾಡಿದರು. ನಮ್ಮ ಮನೆಯ, ಅಕ್ಕಪಕ್ಕದ ಮನೆಗಳ ಇದ್ದಬದ್ದ ಪಂಚೆಗಳನ್ನು ಉಟ್ಟುಕೊಂಡು, ಒದ್ದೆ ಬನಿಯನ್ನುಗಳ ಗಂಟು ಹಿಡಿದು ನಾಗಮಂಗಲದ ತಂಡ ಬಸ್ಸು ಹತ್ತಿತು. ಬಸ್ಸಿನ ಕಂಡಕ್ಟರು ಇಣುಕಿ, "ಏನ್ ಗೌಡ್ರೇ, ದಿಬ್ಬಣ ಯಾವೂರ್ಗೆ? ಎಣ್ಣಿನ್ ಕಡೆಯೋರ್ ಎಲ್ಲಿ?" ಅಂದ.

ಪ್ರಿನ್ಸಿಪಾಲರು ನನ್ನನ್ನು ಕಾಲೇಜಿಗೆ ಕರೆಸಿದರು. ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಹೋದದ್ದೂ ಬೈಸಿಕೊಳ್ಳಲಿಕ್ಕೆ. ಅವರು ಕೂಗಾಡಲಿಲ್ಲ. "ನೋಡಿ ಗೌಡರೇ, ಮುಂದಿನ ವರ್ಷ ಇನ್ನೊಂದು ಅವಕಾಶ. ಕಪ್ಪು ಬಂದರೆ ಕಾಲೇಜಿನಲ್ಲೇ ಸಿಮೆಂಟಿನ ಅಂಕಣ ಮಾಡಿಸೋಣ. ಬರದಿದ್ದರೆ ಬ್ಯಾಸ್ಕೆಟ್ ಬಾಲ್ ಅನ್ನೋದನ್ನೇ ಎಲ್ಲರೂ ಮರೆತುಬಿಡೋಣ" ಅಂದರು. ಕಪ್ಪು ಬರುತ್ತದೆ ಎಂಬ ನಂಬಿಕೆ ಅವರ ಮುಖದಲ್ಲಿ ಎಲ್ಲೂ ಇರಲಿಲ್ಲ.

ಆ ದಿನ ಯೋಗೇಶ ನನ್ನ ಪಕ್ಕ ಬಂದು ಕೂತ. ಬೈದಿದ್ದರೆ ಚೆನ್ನಾಗಿತ್ತು.

"ತಾತ, ಇನ್ನೊಂದ್ ವರ್ಸ ಅಷ್ಟೇ ನಂಗಿರೋದು. ಆಮೇಲೆ ಕಾಲೇಜೇ ಮುಗೀತದೆ. ನಿನ್ ಕಾಲಿಗ್ ಬೀಳ್ತೀನಿ, ನೀನು ಇನ್ನೇನೂ ಮಾಡ್ಬ್ಯಾಡ. ಪಂದ್ಯಕ್ಕೂ ಬರ್ಬ್ಯಾಡ."

"ಇಲ್ಲ ಕಣ್ ಮಗಾ" ಅಂದೆ. ಎರಡು ವರ್ಷ ನಾನು ಮಾಡಿದ್ದೆಲ್ಲ ಅವನಿಗಾಗಿಯೇ. ಅವನಿಗೆ ಬೇಕಾದದ್ದು ನಾನು ಏನೂ ಮಾಡದೆ ಇರುವುದು! ಅದೊಂದು ಕೆಲಸ ನನಗೆ ಯಾರೂ ಕಲಿಸಿಯೇ ಇರಲಿಲ್ಲ.

ಕಲಿತೆ. ಮೂರನೆಯ ವರ್ಷ ನಾನು ಕಣದ ಕಡೆ ತಿರುಗಿ ನೋಡಲಿಲ್ಲ. ಅಂದರೆ ಕೊಟ್ಟಿಗೆಯ ಗೋಡೆಯ ಸಂದಿನಿಂದ ನೋಡುತ್ತಿದ್ದೆ, ಅದು ಲೆಕ್ಕಕ್ಕಿಲ್ಲ.

ಹಾಗೆ ನೋಡುತ್ತಿರುವಾಗಲೇ ಒಂದು ಸಾಯಂಕಾಲ ಮೇಷ್ಟ್ರು ಮೈಸೂರಿನಿಂದ ನಿಜವಾದ ಬಳೆಗಳನ್ನು ತಂದು ಕಟ್ಟಿಸಿದರು. ಕೊನೆಗೂ ಕಾಲೇಜಿನಿಂದ ಬಂತು! ಯೋಗೇಶ ದೂರದಿಂದ ಎಸೆದ. ಚೆಂಡು ಬಳೆಯನ್ನು ಮುಟ್ಟದೆ ಒಳಗೆ ಬಿತ್ತು. ಮತ್ತೆ ಎಸೆದ. ಮತ್ತೆ ಬಿತ್ತು. ಸಲೀಮ ಸುಣ್ಣದ ಚೌಕದ ಮೂಲೆಯಿಂದ ಎಸೆದ, ಅದೂ ಬಿತ್ತು.

"ಅರೆ ಯೋಗಿ! ಇದು ರಿಂಗಾ, ಬಾವೀನಾ?"

ಎರಡು ವರ್ಷ ನನ್ನ ಜಿಪುಣ ಬಳೆಗೆ ಎಸೆದೆಸೆದು ಅವರ ಕೈ ಅಷ್ಟು ಗುರಿ ಕಲಿತುಬಿಟ್ಟಿತ್ತು. ಮೇಷ್ಟ್ರು ಆ ಹಳೇ ಬಳೆಯನ್ನು ಎತ್ತಿಕೊಂಡು, ಹೊಸದರ ಪಕ್ಕ ಹಿಡಿದು, ಕೊಟ್ಟಿಗೆಯ ಕಡೆ ನೋಡಿದರು. ಗೋಡೆಯ ಸಂದಿನಲ್ಲಿ ನನ್ನ ಕಣ್ಣು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಕಾಣುತ್ತದೆ. ನಾನು ಎದೆ ಸೆಟೆಸಿಕೊಂಡು ಹೊರಗೆ ಬಂದೆ.

"ಎಲ್ಲಾನೂ ಲೆಕ್ಕ ಹಾಕೇ ಚಿಕ್ದು ಮಾಡ್ಸಿದ್ದು ಮೇಷ್ಟ್ರೇ!"

"ಸುಳ್ಳು!" ಎಂದು ಅಡಿಗೆಮನೆಯಿಂದ ಪುಟ್ಟತಾಯಿಯ ದನಿ ಬಂತು.

ಆ ವರ್ಷ ಶೂ ಹಾಕಿಕೊಂಡು ನೆಟ್ಟಗೆ ಓಡುವುದನ್ನು ಮೇಷ್ಟ್ರು ಪಟ್ಟುಹಿಡಿದು ಕಲಿಸಿದರು. ಹುಡುಗರು ಕೆ.ಆರ್. ಪೇಟೆಯವರನ್ನು ಅವರೂರಿನಲ್ಲೇ ಸೋಲಿಸಿದರು. 'ಹೋಯ್' ಎಂದು ಕೂಗಲು ಬಂದಿದ್ದವರು ಬಾಯಿ ತೆರೆದುಕೊಂಡೇ ವಾಪಸು ಹೋದರಂತೆ. ನಾಗಮಂಗಲದವರನ್ನೂ ಸೋಲಿಸಿದರು. ಪಾಪ, ಅವರು ಆಟ ಮುಗಿದ ಮೇಲೆ ನಮ್ಮ ಪಂಚೆಗಳನ್ನು ಒಗೆದು ಇಸ್ತ್ರಿ ಮಾಡಿ ಹಿಂತಿರುಗಿಸಿದರು. ಉಳಿದದ್ದು ಪಾಂಡವಪುರ.

ಬರುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಸತ್ಯವಾಗಿಯೂ ಹೋಗುವ ಮನಸ್ಸಿರಲಿಲ್ಲ. ನಿನ್ನೆ ಬೆಳಿಗ್ಗೆ ಗೊಬ್ಬರ ವಿಚಾರಿಸಲೆಂದು ಬಸ್ಸು ಹತ್ತಿದೆ, ಬಸ್ಸು ಪಾಂಡವಪುರಕ್ಕೆ ಹೋಯಿತು, ಅದಕ್ಕೆ ನಾನೇನು ಮಾಡಲಿ? ತಲೆಯ ಮೇಲೆ ಟವಲ್ಲು ಹೊದ್ದು ಜನರ ಹಿಂದೆ ಮುದುಡಿ ಕೂತೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ, ಅವು ಏನೂ ಮಾಡದಿರಲಿ ಎಂದು.

ಆಟ ಸಮಸಮ. ಅವರು ಒಂದು ಹಾಕಿದರೆ ನಮ್ಮವರು ಒಂದು. ಮುಗಿಯುವ ಹೊತ್ತಿಗೂ ಸಮಸಮ. ಆಗ ಎಗರಿದ ಯೋಗೇಶನನ್ನು ಅವರಲ್ಲೊಬ್ಬ ನೂಕಿದ. ಪೀಪಿ ಊದಿತು. ಯೋಗೇಶ ಒಬ್ಬನೇ ಗೆರೆಯ ಮುಂದೆ ನಿಂತು, ಯಾರೂ ಅಡ್ಡ ಬರದೆ, ಒಂದು ಚೆಂಡು ಎಸೆಯಬೇಕಂತೆ. ಬಿದ್ದರೆ ಕಪ್ಪು ನಮ್ಮದು. ಅವನು ಚೆಂಡನ್ನು ನೆಲಕ್ಕೆ ಕುಕ್ಕಿದ. ಹಣೆ ಒರೆಸಿಕೊಂಡ. ನೋಡಲು ನನಗೆ ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿಬಿಟ್ಟೆ.

ಒಮ್ಮೆಗೇ ದೊಡ್ಡ ಕೂಗು ಎದ್ದಿತು. ನಾನು ಯೋಚಿಸಿದೆ. ಊರು ಪಾಂಡವಪುರ, ಜನ ಪಾಂಡವಪುರದವರು, ಕೂಗುತ್ತಿರುವವರು ಅವರೇ. ಅಂದಮೇಲೆ ಅವರೇ ಗೆದ್ದರು. ತಂಡ ಹೋಯಿತು. ಹುಡುಗನ ಕೊನೆಯ ವರ್ಷವೂ ಹೋಯಿತು. ಟವಲ್ಲನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ. ಯಾರೋ ಬಂದು ಪಕ್ಕದಲ್ಲಿ ತಲೆ ಮೇಲೆ ಕೈಹೊತ್ತು ಕೂತರು. ಕತ್ತಿನಲ್ಲಿ ಆಟದ ಮೇಷ್ಟ್ರುಗಳು ಹಾಕಿಕೊಳ್ಳುವ ಪೀಪಿ ಇತ್ತು. ನಮ್ಮ ಮೇಷ್ಟ್ರೇ ಅಂದುಕೊಂಡು ಅವರ ಬೆನ್ನು ಸವರಿದೆ.

"ಓಗ್ಲಿ ಬುಡಿ ಮೇಷ್ಟ್ರೇ. ನಮ್ ಐಕ್ಳು ಚೆನ್ನಾಗೇ ಆಡುದ್ರು. ತೆಪ್ಪೆಲ್ಲ ನಂದೇ. ಅಳ್ಬ್ಯಾಡಿ."

ಅವರು ತಲೆಯೆತ್ತಿದರು. ಶ್ರೀನಿವಾಸಯ್ಯನವರಲ್ಲ! ಪಾಂಡವಪುರದ ಮೇಷ್ಟ್ರು!

"ನೀವ್ಯಾರು ಯಜಮಾನ್ರೇ?"

"ನಾನು ಪಟ್ನದ್ ತಂಡದ ಉಡ್ಗನ ತಾತ."

"ಗೆದ್ದಿರೋರು ನೀವು! ಸೋತಿರೋನು ನಾನು! ನನ್ನ್ ಬೆನ್ ಸವರ್ಕೊಂಡು ನೀವ್ಯಾಕ್ ಅಳ್ತಾ ಕೂತಿದ್ದೀರಿ?"

ನಾನು ಟವಲ್ಲು ಕಿತ್ತೆಸೆದು ಎದ್ದೆ. ಅಂಕಣದ ನಡುವೆ, ಆ ಕೂಗು ಎಬ್ಬಿಸಿದ್ದ ನಮ್ಮ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುತ್ತಿದ್ದರು, ತೀರಾ ಕೆಳಗೆ ಯೋಗೇಶ. ಅವನು ಆ ರಾಶಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿಬಿಟ್ಟ.

"ತಾತಾ! ನೀನಾ?"

"ನಾನ್ ಬಂದಿಲ್ಲ ಕಣ್ಲಾ!" ಎಂದು ಕೂಗಿದೆ.

ಅವನು ಓಡಿ ಬಂದು ನನ್ನನ್ನು ಎತ್ತಿಕೊಂಡ. ನಾನು ಅವನನ್ನು ಎತ್ತಿ ಆಡಿಸಿದವನು, ಈಗ ಅವನ ಹೆಗಲ ಮೇಲಿಂದ ಪಾಂಡವಪುರ ನೋಡಿದೆ. ಅಷ್ಟು ಚೆನ್ನಾಗಿ ಆ ಊರನ್ನು ನಾನು ಯಾವತ್ತೂ ನೋಡಿರಲಿಲ್ಲ.

ನಿನ್ನೆ ಸಂಜೆ ಮನೆಯಲ್ಲಿ ನಾಟಿಕೋಳಿ ಸಾರು, ಮುದ್ದೆ, ಮೇಲೆ ಶಾವಿಗೆ ಪಾಯಸ. ದಿನವೂ ಗಂಡಸರಿಗೆ ಬಡಿಸಿ ಆಮೇಲೆ ಉಣ್ಣುವ ಪುಟ್ಟತಾಯಿ, "ಇವತ್ತು ಬಡ್ಸೋರು ಯಾರೂ ಇಲ್ಲ, ಎಲ್ರೂ ಉಣ್ಣೋರೇ!" ಎಂದು ಪಾತ್ರೆಗಳನ್ನು ನಡುಮನೆಯ ಮಧ್ಯಕ್ಕೆ ತಂದಿಟ್ಟು ತಾನೂ ಕೂತಳು. ಜಯಮ್ಮ ಕೂತಳು. ನನ್ನ ಮಗ ರಾಮಲಿಂಗ, ಯಾವಾಗಲೂ ಗದ್ದೆಯಿಂದ ಹೊತ್ತು ಮೀರಿ ಬರುವವನು, ಬೆಳಕಿರುವಾಗಲೇ ಬಂದು ಕೂತ. ಸುತ್ತ ಕೂತ ನಮ್ಮೆಲ್ಲರ ಮೊಣಕಾಲುಗಳು ಒಂದಕ್ಕೊಂದು ತಗಲುತ್ತಿದ್ದವು.

ಬರುವ ವರ್ಷ ಕಾಲೇಜಿನಲ್ಲಿ ಸಿಮೆಂಟಿನ ಅಂಕಣ ಆಗುವುದೇ ಸೈ ಎಂದು ಪ್ರಿನ್ಸಿಪಾಲರು ಮೇಷ್ಟ್ರ ಕೈಯಲ್ಲಿ ಹೇಳಿ ಕಳಿಸಿದ್ದರು. ಊರಿನ ಇನ್ನೂ ಚಿಕ್ಕ ಹುಡುಗರು ಆಗಲೇ ನಮ್ಮ ಕಣದಲ್ಲಿ ಚೆಂಡು ಕುಕ್ಕಲು ಶುರುಮಾಡಿದ್ದಾರೆ.

"ಸಿಮೆಂಟು ಕಲ್ಸೋ ದಿನ ನಾನೂ ಒಂದ್ ಕೈ..." ಎಂದು ಬಾಯಿ ತೆರೆದೆ.

"ಬ್ಯಾಡ!" ಅಂದರು ಎಲ್ಲರೂ ಒಟ್ಟಿಗೆ. ಜಯಮ್ಮ ಕೂಡ. ಅವಳು ಮಾವನ ಎದುರು ಜೋರಾಗಿ ಮಾತಾಡಿದ್ದು ಅದೇ ಮೊದಲು.

ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಎಷ್ಟಾದರೂ ಈ ತಂಡದ ಮೂಲಪುರುಷ ನಾನು. ಬೇಕಿದ್ದರೆ ಮೊಮ್ಮಗನ ಬಾಯಿಂದಲೇ ಹೇಳಿಸೋಣ ಎಂದು ಗಂಟಲು ಸರಿಮಾಡಿಕೊಂಡು ಕೇಳಿದೆ. "ಮಗಾ, ಆ ಕೊನೇ ಚೆಂಡು ಎಸೆಯೋ ಮುಂಚೆ ಒಸಿ ಒತ್ತು ನಿಂತಿದ್ದೆಯಲ್ಲ, ಆಗ ಮನಸ್ನಾಗೆ ಯಾರ್ನ ನೆನ್ಸ್ಕೊಂಡೆ?"

ಎಲ್ಲರೂ ಅವನ ಕಡೆ ನೋಡಿದರು. ನಾನು ಮೀಸೆಯ ಮೇಲೆ ಕೈಯಿಟ್ಟು ಸಿದ್ಧನಾಗಿದ್ದೆ.

ಯೋಗೇಶ ಬಾಯಲ್ಲಿದ್ದ ಮುದ್ದೆ ನುಂಗಿದ. "ಯಾರ್ನೂ ಇಲ್ಲ ತಾತ. ಬೆಳಗ್ಗಿಂದ ಏನೂ ತಿಂದಿರ್ಲಿಲ್ವಾ, ಹಸಿದು ಕಣ್ಣು ಕತ್ಲೆ ಬರ್ತಿತ್ತು. ಬೇಗ ಹಾಕ್ಬುಟ್ರೆ ಮನೆಗ್ ಓಗಿ ಅಜ್ಜಿ ಸಾರು ಉಣ್ಬೋದು ಅಂದ್ಕೊಂಡೆ."

ಪುಟ್ಟತಾಯಿ ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯವೇ ಅವಳಿಗೆ ಇರಲಿಲ್ಲ. ಮೊಮ್ಮಗನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಮೀಸೆಯ ಮೇಲಿದ್ದ ಕೈಯನ್ನು ಕೆಳಗಿಳಿಸಿ, ನಾನೂ ನನ್ನ ತಟ್ಟೆಯನ್ನು ಮುಂದಕ್ಕೆ ಹಿಡಿದೆ.